ಗೋಡೆಯ ಮೇಲಿನ ಫಾರ್ಮಸಿಸ್ಟ್

ಅವಳ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಗಂಡ. ಅವನು ನನ್ನ ತಮ್ಮ. ಅಜ್ಜಂಪುರದಲ್ಲಿ ಅವನದೊಂದು ಮೆಡಿಕಲ್ ಸ್ಟೋರ್ ಇದೆ. ಗಿರಾಕಿಗಳು ನಿಂತಿದ್ದರು, ಹೆಂಡತಿ ಪಕ್ಕದಲ್ಲೇ ಇದ್ದಳು, ನಾನು ಕಡೂರಿನಿಂದ ಆಗಷ್ಟೇ ಬಂದು ಸ್ಟೂಲಿನ ಮೇಲೆ ಕೂತಿದ್ದೆ. ಅವನು ಕೆಮ್ಮಿನ ಸಿರಪ್ಪಿನ ಬಾಟಲಿಗಳನ್ನು ಜೋಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದ.

"ಇವಳಾ? ಒಂದ್ ಸಲ ಬರೆದು ಮಕಾಡೆ ಬಿದ್ದಿದಾಳೆ. ಇವಳೇನಾದ್ರೂ ಆ ಪರೀಕ್ಷೆ ಪಾಸಾದ್ರೆ ನಾನು ಈ ಕೌಂಟರ್ ಬಿಟ್ಟು ಆಚೆ ಬಂದು ನಿಂತ್ಕೋತೀನಿ. ಕೌಂಟರ್ ಅವಳಿಗೇ. ಬರೆದ್ಕೊಡ್ಲಾ?"

ಗಿರಾಕಿಗಳು ನಕ್ಕರು. ಅವಳೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ. ಆದರೆ ಒಳಗಿನಿಂದ ಡಬ್ಬ ತರುವ ನೆಪದಲ್ಲಿ ನನ್ನ ಪಕ್ಕ ಹಾದುಹೋಗುವಾಗ ಬಗ್ಗಿ ಮೆಲ್ಲಗೆ ಹೇಳಿದಳು:

"ಅಕ್ಕ, ಕೇಳಿಸ್ಕೊಂಡ್ರಲ್ಲ? ಸಾಕ್ಷಿ ನೀವೇ."

ಪರೀಕ್ಷೆ ಯಾವುದು ಎಂದು ಹೇಳಬೇಕು. ಮೊದಲೆಲ್ಲ ಡಿ.ಫಾರ್ಮ ಮುಗಿಸಿದರೆ ಸಾಕಿತ್ತು. ಅಂಕಪಟ್ಟಿ ತೋರಿಸಿ ಹೆಸರು ನೋಂದಾಯಿಸಿಕೊಂಡರೆ ಫಾರ್ಮಸಿಸ್ಟ್. ಈಗ ಡಿಪ್ಲೊಮಾ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಬರೆಯಬೇಕು. ಅದು ಪಾಸಾಗದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಹಕ್ಕಿಲ್ಲ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಕಡೂರಿನ ಒಂದು ಕಾಲೇಜಿನಲ್ಲಿ ವಾರವೆಲ್ಲ ಪಾಠ ಹೇಳುವ ನಾನು, ಭಾನುವಾರ ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಹೋಟೆಲೊಂದರ ಮಹಡಿಯ ಮೇಲೆ ಈ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಮಕ್ಕಳು ಎಂದರೆ ಮದುವೆಯಾದವರೂ ಇದ್ದಾರೆ, ಮೀಸೆ ಹಣ್ಣಾಗತೊಡಗಿದವರೂ ಇದ್ದಾರೆ. ಹೆಚ್ಚಿನವರು ಯಾವುದೋ ಅಂಗಡಿಯಲ್ಲಿ ಮೊದಲೇ ಮಾತ್ರೆ ಮಾರುತ್ತಿರುವವರು.

ತಮ್ಮನ ಅಂಗಡಿಯ ಫಾರ್ಮಸಿಸ್ಟ್ ಗೋಡೆಯ ಮೇಲೆ ಇರುತ್ತಿದ್ದ. ನಮ್ಮ ಕಡೆ ಇದು ಹೊಸದಲ್ಲ. ತಮ್ಮ ಡಿ.ಫಾರ್ಮ ಅರ್ಧಕ್ಕೆ ಬಿಟ್ಟವನು. ಬೇರೆ ಊರಿನ ಒಬ್ಬನ ಸರ್ಟಿಫಿಕೇಟನ್ನು ಗಾಜಿನ ಫ್ರೇಮಿನಲ್ಲಿ ನೇತುಹಾಕಿ ಲೈಸೆನ್ಸ್ ಪಡೆದಿದ್ದ. ಸರ್ಟಿಫಿಕೇಟಿನ ಮೂಲೆಯಲ್ಲಿ ಆ ಮನುಷ್ಯನ ಫೋಟೊ. ಅವನು ಆ ಅಂಗಡಿಯಲ್ಲಿ ಒಂದು ಮಾತ್ರೆ ಮಾರಿದವನಲ್ಲ, ಡ್ರಗ್ ಇನ್‌ಸ್ಪೆಕ್ಟರ್ ಬರುವ ಸುದ್ದಿ ಸಿಕ್ಕಾಗ ಮಾತ್ರ ಬಸ್ಸು ಹತ್ತಿ ಬರುತ್ತಿದ್ದ. ಒಮ್ಮೆ ಹಳ್ಳಿಯಿಂದ ಬಂದ ಅಜ್ಜಿಯೊಬ್ಬಳು ಫೋಟೊ ನೋಡಿ ಲೊಚಗುಟ್ಟಿದಳಂತೆ.

"ಪಾಪ, ನಿಮ್ಮಪ್ಪನೇನಪ್ಪಾ? ಯಾವಾಗ ಹೋದ್ರು?"

ಕೈಯಲ್ಲಿದ್ದ ಸೇವಂತಿಗೆ ಮಾಲೆಯಲ್ಲಿ ಒಂದು ತುಂಡು ಹರಿದು ಫ್ರೇಮಿಗೆ ಸಿಕ್ಕಿಸಿ ಕೈಮುಗಿದಳಂತೆ. ಆ ಹೂವು ಒಣಗಿ ಬಹಳ ದಿನ ಅಲ್ಲೇ ಇತ್ತು. ತೆಗೆಯೋ ಎಂದರೆ ತಮ್ಮ, "ಇರ್ಲಿ ಬಿಡಕ್ಕ, ಸತ್ತೋನು ಅಂದ್ಕೊಂಡ್ರೆ ಎಲ್ಲವ್ನೆ ಅಂತ ಯಾರೂ ಕೇಳಲ್ಲ" ಎಂದು ನಗುತ್ತಿದ್ದ.

ಗೋಡೆಯ ಮೇಲಿದ್ದವನಿಗೆ ಸರ್ಕಾರಿ ಕೆಲಸ ಸಿಕ್ಕಿತು. ಬಂದು ಫ್ರೇಮು ಇಳಿಸಿಕೊಂಡು ಹೋದ. ಗೋಡೆಯಲ್ಲಿ ಬೆಳ್ಳನೆಯ ಚೌಕವೊಂದು ಉಳಿಯಿತು. ತಮ್ಮ ನೇರ ನನ್ನ ಮನೆಗೆ ಬಂದ.

"ಅಕ್ಕ, ನಿಂದು ಬೀರುವಲ್ಲಿ ಸುಮ್ನೆ ಮಲಗಿದೆಯಲ್ಲ."

"ಮಲಗಿರ್ಲಿ."

"ಮನೆಯವ್ರಿಗಾಗ್ದೇ ಇನ್ಯಾರಿಗೆ ಅದು?"

"ನನ್ ಸರ್ಟಿಫಿಕೇಟು ನೇತಾಕೋ ವಸ್ತು ಅಲ್ಲ ಕಣೋ. ನಾನೆಲ್ಲಿ ಕೆಲ್ಸ ಮಾಡ್ತೀನೋ ಅದು ಅಲ್ಲಿರ್ತದೆ."

ಅವನು ಕಾಫಿ ಕುಡಿಯದೆ ಎದ್ದು ಹೋದ. ಎಲ್ಲಿಂದಲೋ ಇನ್ನೊಬ್ಬನ ಕಾಗದವನ್ನು ಸದ್ಯಕ್ಕೆ ಎಂದು ತಂದು ತೂಗುಹಾಕಿ, ಮುಂದಿನದಕ್ಕೆ ಹೆಂಡತಿಯ ಮೇಲೆ ಕಣ್ಣಿಟ್ಟ. ಮದುವೆಯಾದ ಮೇಲೆ ಅವಳನ್ನು ಡಿ.ಫಾರ್ಮಗೆ ಸೇರಿಸಿದ್ದೇ ಈ ಮುಂದಾಲೋಚನೆಯಿಂದ. ಅವಳು ಮುಗಿಸುವ ಹೊತ್ತಿಗೆ ಹೊಸ ಪರೀಕ್ಷೆ ಅಡ್ಡ ಕೂತಿತ್ತು, ಅಷ್ಟೆ.

ನನ್ನ ಸರ್ಟಿಫಿಕೇಟಿನ ಬಗ್ಗೆ ನನಗೆ ಸೊಕ್ಕು ಜಾಸ್ತಿ ಎಂದು ಮನೆಯವರು ಹೇಳುತ್ತಾರೆ. ಜಾಸ್ತಿಯೇ. ಸಿಂಗಟಗೆರೆಯ ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ ಬೇಗ ಹೋದ. ಅವ್ವ ತೋಟತೋಟ ಸುತ್ತಿ ತೆಂಗಿನಕಾಯಿ ಸುಲಿದಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಮೈಭಾರವನ್ನೆಲ್ಲ ಮಂಡಿಯ ಮೇಲೆ ಹಾಕಿ ತಿರುಚುವ ಕೆಲಸ. ಗಂಡಸರ ಕೆಲಸ ಅದು. ಆ ಮಂಡಿಗಳ ಮೇಲೆ ನಿಂತು ನಾನು ಬಿ.ಫಾರ್ಮ ಮಾಡಿದೆ, ಆಮೇಲೆ ಎಂ.ಫಾರ್ಮ.

ಡಿಗ್ರಿ ಮುಗಿದ ಹೊಸದರಲ್ಲಿ ಕೆಲಸ ಕೇಳಿಕೊಂಡು ಕಡೂರಿನ ಒಂದು ಔಷಧಿ ಅಂಗಡಿಗೆ ಹೋಗಿದ್ದೆವು, ನಾನು ಮತ್ತು ಅವ್ವ. ಮಾಲೀಕರು ನನ್ನ ಕಾಗದಗಳನ್ನು ತಿರುವಿ ನೋಡಿ, ಊರು ಕೇಳಿ, ಕೇರಿ ಕೇಳಿ, ಕಾಗದಗಳನ್ನು ಒಂದು ಬೆರಳಿನಿಂದ ನಮ್ಮ ಕಡೆ ತಳ್ಳಿದರು.

"ಓದಿದ್ದೇನೋ ಸರಿ ಕಣಮ್ಮ. ಆದ್ರೆ ನಿನ್ ಕೈಯಿಂದ ಮಾತ್ರೆ ಇಸ್ಕೊಂಡು ಯಾರು ನುಂಗ್ತಾರೆ?"

ನಾನು ಕಾಗದಗಳನ್ನು ಬಾಚಿಕೊಂಡು ತಿರುಗಿದೆ. ಅವ್ವ ತಿರುಗಲಿಲ್ಲ.

"ಜ್ವರ ಜಾಸ್ತಿಯಾಗ್ಲಿ ಸ್ವಾಮಿ, ನುಂಗ್ತಾರೆ" ಎಂದಳು.

ನನ್ನ ನೋಂದಣಿ ಸರ್ಟಿಫಿಕೇಟ್ ಬಂದ ದಿನ ಅದನ್ನು ಮೊದಲು ಅವ್ವನ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ಹೊಸದು ಏನೇ ಬರಲಿ, ಮೊದಲ ಸಂಬಳವಾಗಲಿ ಮಕ್ಕಳ ಅಂಕಪಟ್ಟಿಯಾಗಲಿ, ಹಿರಿಯರ ಕೈಗಿಟ್ಟು ಕಾಲಿಗೆ ಬೀಳಬೇಕು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಬುದ್ಧನ ಪಟದ ಮುಂದೆ ಹಿಡಿದು, ತಿರುಗಿ ನಮ್ಮ ಕೈಗೆ ಕೊಡುತ್ತಾರೆ. ಅವ್ವ ಹಾಗೇ ಮಾಡಿದಳು. ಕೊಡುವಾಗ, "ತಗೋ, ಇದು ನಿಂದು. ಯಾರಿಗೂ ಕೊಡ್ಬೇಡ" ಎಂದಳು. ನಾನು ಯಾರಿಗೂ ಕೊಡಲಿಲ್ಲ. ಸ್ವಂತ ತಮ್ಮನಿಗೂ.

ತಮ್ಮನ ಹೆಂಡತಿ ಭಾನುವಾರ ಬೆಳಗಿನ ಬಸ್ಸಿಗೆ ಅಜ್ಜಂಪುರದಿಂದ ತರೀಕೆರೆಗೆ ಬರತೊಡಗಿದಳು. ಮೊದಲ ದಿನವೇ ಹೇಳಿದೆ, ಇಲ್ಲಿ ಅಕ್ಕ ಗಿಕ್ಕ ಇಲ್ಲ, ಮೇಡಂ. ಅವಳು ಹೂಂ ಎಂದು ಹಿಂದಿನ ಬೆಂಚಿಗೆ ಹೋಗಿ ಕೂತಳು. ಅವಳ ಚೀಲದಲ್ಲಿ ಕಾಲೇಜಿನ ಬಿಳಿ ಕೋಟು ಇರುತ್ತಿತ್ತು. ಕ್ಲಾಸಿನಲ್ಲಿ ಯಾರಿಗೂ ಕೋಟು ಬೇಕಿರಲಿಲ್ಲ. ಯಾಕೆ ತರುತ್ತೀ ಎಂದರೆ, "ಮನೇಲಿಟ್ರೆ ಒಲೆ ಒರೆಸೋಕೆ ತಗೋತಾರೆ ಮೇಡಂ" ಎಂದಳು.

ನನ್ನ ಪಾಠದ ರೀತಿ ಹೀಗೆ. ಎರಡು ಬೆಂಚು ಅಡ್ಡ ಇಟ್ಟು ಕೌಂಟರ್ ಮಾಡುತ್ತೇನೆ. ಒಬ್ಬರನ್ನು ಅದರ ಹಿಂದೆ ನಿಲ್ಲಿಸಿ ನಾನು ಗಿರಾಕಿಯಾಗುತ್ತೇನೆ. ಮರ್ಯಾದೆಯ ಗಿರಾಕಿಯಲ್ಲ, ನಮ್ಮ ಊರಿನ ಗಿರಾಕಿ. ಬೈಯುತ್ತೇನೆ, ಅವಸರ ಮಾಡುತ್ತೇನೆ, ಅರ್ಧ ಹರಿದ ಸ್ಟ್ರಿಪ್ಪು ತೋರಿಸಿ ಇದೇ ಕೊಡು ಎಂದು ಕೂಗುತ್ತೇನೆ. ಕೇಳಬೇಕಾದ್ದನ್ನು ಕೇಳದೆ ಮಾತ್ರೆ ಕೊಟ್ಟರೆ ಗಿರಾಕಿ ಸತ್ತ ಎಂದು ಲೆಕ್ಕ. ಕೊಟ್ಟವರು ನೆಟ್ಟಗೆ ನಿಂತು "ನಾನು ಕೊಂದೆ ಮೇಡಂ" ಎಂದು ಹೇಳಿ, ಸತ್ತದ್ದು ಯಾಕೆ ಎಂದು ಪಾಠ ಒಪ್ಪಿಸಬೇಕು. ಅಳುವವರು ಅಳುತ್ತಲೇ ಒಪ್ಪಿಸಬೇಕು.

ಅವಳ ಸರದಿ ಬಂತು. ನಾನು ಬೆಂಚಿಗೆ ಒರಗಿ ನರಳಿದೆ.

"ಏನಮ್ಮಾ, ಮೈಕೈ ನೋವು, ಜ್ವರ. ಒಂದ್ ಸೆಟ್ ಕೊಡು ಬೇಗ, ಬಸ್ಸು ಹೊರಟ್ಬಿಡ್ತದೆ."

ಸೆಟ್ ಎಂದರೆ ನಮ್ಮ ಸೀಮೆಯ ಎಲ್ಲ ಹಳ್ಳಿಗರಿಗೂ ಗೊತ್ತು. ಡಾಕ್ಟರಿಲ್ಲ, ಚೀಟಿಯಿಲ್ಲ. ಅಂಗಡಿಯವನೇ ನಾಲ್ಕು ಸ್ಟ್ರಿಪ್ಪಿನಿಂದ ಒಂದೊಂದು ಮಾತ್ರೆ ಕತ್ತರಿಸಿ ಪೇಪರಿನ ಚೂರಲ್ಲಿ ಮಡಿಚಿ ಕೊಡುವುದು. ಅವಳ ಬಲಗೈ ತಾನಾಗಿಯೇ ಬೆಂಚಿನ ಮೇಲೆ ಕತ್ತರಿ ಹುಡುಕಿತು. ಬೆರಳುಗಳು ಗಾಳಿಯನ್ನು ಕತ್ತರಿಸಿದವು.

"ಏನೇನು ಕೊಟ್ಟೆ?"

"ನೋವಿಂದು ಒಂದು, ಆಂಟಿಬಯಾಟಿಕ್ ಒಂದು, ಗ್ಯಾಸಿಂದು ಒಂದು. ಆಮೇಲೆ ಚಿಕ್ಕ ಬಿಳೀದು ಒಂದು."

"ಚಿಕ್ಕ ಬಿಳೀದು ಅಂದ್ರೆ?"

"ಚಿಕ್ಕ ಬಿಳೀದು ಮೇಡಂ. ಅದಿದ್ರೇನೇ ಬೇಗ ವಾಸಿಯಾಗೋದು."

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಅವರಲ್ಲಿ ಅರ್ಧ ಜನ ಅದನ್ನೇ ಕೊಡುತ್ತಿದ್ದವರು. ಅದು ಸ್ಟೀರಾಯ್ಡ್. ಅಂಗಡಿಯಲ್ಲಿ ಅದಕ್ಕೆ ಹೆಸರಿಲ್ಲ, ಬಣ್ಣ ಮತ್ತು ಗಾತ್ರ ಮಾತ್ರ. ಮೊದಲ ಸಲ ಅವಳು ಫೇಲಾಗಿದ್ದು ಓದದೆ ಅಲ್ಲ. ಪುಸ್ತಕದ ಹೆಸರು ಒಂದು ಕಡೆ, ಕೈಗೆ ಗೊತ್ತಿದ್ದ ಬಣ್ಣ ಇನ್ನೊಂದು ಕಡೆ, ಎರಡೂ ಒಂದೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಪರೀಕ್ಷೇಲಿ ಚಿಕ್ಕ ಬಿಳೀದು ಅಂತ ಕೊಟ್ಟಿರಲ್ಲ ಕಣೇ. ನಿನ್ ಗಿರಾಕಿಗೆ ಹೊಟ್ಟೇಲಿ ಹುಣ್ಣಿತ್ತು. ನೀನು ಕೇಳ್ಲಿಲ್ಲ. ರಕ್ತ ಕಾರ್ಕೊಂಡು ಸತ್ತ. ಹೇಳು."

"ನಾನು ಕೊಂದೆ ಮೇಡಂ."

"ಜೋರಾಗಿ."

ಕೆಳಗೆ ಕಂಡಕ್ಟರ್ ಕೆಮ್ಮಣ್ಣುಗುಂಡಿ, ಕೆಮ್ಮಣ್ಣುಗುಂಡಿ ಎಂದು ಅರಚುತ್ತಿದ್ದ. ಅವಳು ಅವನಿಗಿಂತ ಜೋರಾಗಿ ಕೂಗಿದಳು.

"ನಾನು ಕೊಂದೆ ಮೇಡಂ! ಜೊತೇಲಿ ನಿಮ್ ತಮ್ಮನೂ ಇದ್ರು!"

ನನಗೂ ನಗು ಬಂತು. ನುಂಗಿಕೊಂಡು ಕ್ಲಾಸು ಮುಗಿಯುವವರೆಗೆ ಅವಳನ್ನು ನಿಲ್ಲಿಸಿದೆ.

ಇಷ್ಟು ಕಟುವಾಗಿ ಪಾಠ ಹೇಳಬೇಕೇ ಎಂದು ಕೇಳಿದವರಿದ್ದಾರೆ. ಬೇಕು. ಮೆತ್ತಗೆ ಹೇಳಿಕೊಟ್ಟ ಮೇಷ್ಟರು ನನಗೂ ಇದ್ದರು. "ನಿಂಗೆ ಇಷ್ಟು ಸಾಕು ಬಿಡಮ್ಮ" ಎಂದು ಪ್ರೀತಿಯಿಂದ ಬೆನ್ನು ಸವರಿ ಮನೆಗೆ ಕಳಿಸಿದವರು ಅವರೇ. ಹಂಗಿಸಿದವರಿಂದ ನಾನು ಓದಿದೆ. ಕೌಂಟರಿನ ಆಚೆ ನಿಂತ ಲೋಕ ಯಾರ ಬೆನ್ನನ್ನೂ ಸವರುವುದಿಲ್ಲ. ಅಲ್ಲಿ ಮೊದಲ ಸಲ ಬೈಸಿಕೊಳ್ಳುವುದಕ್ಕಿಂತ ನನ್ನ ಕೈಲಿ ಬೈಸಿಕೊಂಡು ಹೋಗಲಿ.

ಅವಳು ಕಲಿತಳು. ಕತ್ತರಿ ಹುಡುಕುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಲ್ಲತೊಡಗಿದಳು. ಅಂಗಡಿಯಲ್ಲಿ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿ ಬಾಯಿಪಾಠ ಮಾಡಿದಳು. ಕ್ರಮೇಣ ಬೆಂಚಿನ ಹಿಂದೆ ಅವಳು ನಿಂತರೆ ನನ್ನ ಗಿರಾಕಿ ಸಾಯುವುದೇ ಕಷ್ಟವಾಯಿತು. ವಯಸ್ಸೆಷ್ಟು, ಬೇರೆ ಮಾತ್ರೆ ಇದೆಯಾ, ಬಸುರಿಯಾ, ಶುಗರ್ ಇದೆಯಾ, ಚೀಟಿ ಎಲ್ಲಿ? ನಾನು ಬೈದರೂ ಕದಲುತ್ತಿರಲಿಲ್ಲ. "ಬೈರಿ ಯಜಮಾನ್ರೆ, ಬೈದ್ರೂ ಚೀಟಿ ಬೇಕು" ಎನ್ನುತ್ತಿದ್ದಳು.

ಅಷ್ಟರಲ್ಲಿ ತಮ್ಮನ ಫೋನು ಬಂತು.

"ಅಕ್ಕ, ಏನ್ ಕಲಿಸ್ತಿದೀಯ ಇವಳಿಗೆ?"

"ಯಾಕೋ?"

"ನಾನು ಊಟಕ್ಕೆ ಹೋಗಿ ಬರೋದ್ರೊಳಗೆ ಮೂರ್ನಾಲ್ಕು ಜನಾನ ವಾಪಸ್ ಕಳಿಸಿದಾಳೆ. ಸೆಟ್ ಕೊಡಲ್ವಂತೆ, ಡಾಕ್ಟ್ರ ಹತ್ರ ಹೋಗ್ಬೇಕಂತೆ. ಎಲ್ರೂ ಎದುರುಗಡೆ ಮೆಡಿಕಲ್ಲಿಗೆ ಹೋದ್ರು. ನಮ್ಮಂಗ್ಡಿ ನಡೀತಿರೋದೇ ಸೆಟ್ ಮೇಲೆ."

"ಸರಿಯಾಗೇ ಮಾಡಿದಾಳೆ."

"ಪಾಸಾಗೋಕೆ ಎಷ್ಟು ಬೇಕೋ ಅಷ್ಟು ಕಲ್ಸಕ್ಕ, ಸಾಕು. ಅದರ ಮೇಲೆ ಕಲಿಸ್ಬೇಡ."

ಪಾಸಾಗುವುದಕ್ಕೆ ಬೇಕಾದಷ್ಟು ಎಂಬುದು ಬೇರೆ ಇಲ್ಲ, ಇರುವುದೆಲ್ಲ ಅದೇ ಎಂದು ಹೇಳಿ ಫೋನ್ ಇಟ್ಟೆ. ಅವತ್ತು ನನಗೆ ಹೆಮ್ಮೆಯಾಗಿತ್ತು. ಕ್ಲಾಸಿನಲ್ಲಿ ಎಲ್ಲರೆದುರು ಅವಳನ್ನು ಹೊಗಳಿದೆ. ನಾನು ಹೊಗಳುವುದು ಅಪರೂಪ.

ಅವ್ವ ತಮ್ಮನ ಮನೆಯಲ್ಲೇ ಇರುವುದು. ಮಂಡಿನೋವಿಗೆ ತಮ್ಮ ದಿನವೂ ಸೆಟ್ ಕೊಡಿಸುತ್ತಿದ್ದ, ಚಿಕ್ಕ ಬಿಳಿಯದೂ ಸೇರಿದಂತೆ. ನೋವು ಹೋಗಿತ್ತು, ಅವ್ವ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮುಖ ದುಂಡಗೆ ಊದಿಕೊಂಡು ಕೆನ್ನೆ ಮಿರುಗುತ್ತಿತ್ತು. "ಸೊಸೆ ಚೆನ್ನಾಗ್ ನೋಡ್ಕೋತಾಳೆ, ಮುಖ ತುಂಬ್ಕೊಂಡಿದೆ" ಎಂದು ಬೀದಿಯವರು ಹೇಳುತ್ತಿದ್ದರು. ಅದು ತುಂಬಿಕೊಂಡಿದ್ದಲ್ಲ, ಮಾತ್ರೆ ಮಾಡಿದ ಕೆಲಸ ಎಂದು ನಾನು ಹೋದಾಗಲೆಲ್ಲ ಬಡಿದುಕೊಂಡೆ. ಅವ್ವ ಕೇಳಲಿಲ್ಲ.

"ನನ್ ಮಗನ ಮಾತ್ರೆ ನನ್ನ ನಡೆಸ್ತದೆ. ನಿನ್ ಪುಸ್ತಕ ನಡೆಸ್ತದೇನೇ?"

ಹಾಗಾಗಿ ಒಂದು ಭಾನುವಾರ ಬೇಕೆಂದೇ ಅವ್ವನನ್ನು ಪ್ರಶ್ನೆಯಾಗಿ ಕೇಳಿದೆ. ಒಬ್ಬ ಹೆಂಗಸು, ಮಂಡಿನೋವು, ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿದ್ದಾಳೆ. ಮುಖ ಚಂದ್ರನ ಹಾಗೆ ದುಂಡಗಾಗಿದೆ, ಕೈಕಾಲು ಸಣ್ಣಗಾಗಿವೆ, ಚರ್ಮ ತೆಳ್ಳಗಾಗಿ ಮುಟ್ಟಿದಲ್ಲಿ ನೀಲಿಗಟ್ಟುತ್ತದೆ. ಯಾವ ಮಾತ್ರೆ? ಸ್ಟೀರಾಯ್ಡ್ ಎಂದು ಎಲ್ಲರೂ ಕೂಗಿದರು. ಅವಳು ಕೂಗಲಿಲ್ಲ.

"ಈಗೇನು ಮಾಡ್ಬೇಕು?"

"ನಿಲ್ಲಿಸ್ಬಿಡ್ಬೇಕು ಮೇಡಂ" ಎಂದ ಮುಂದಿನ ಬೆಂಚಿನವನು.

"ಕೊಂದೆ. ಎದ್ದು ನಿಂತ್ಕೋ."

ಹಿಂದಿನ ಬೆಂಚಿನಿಂದ ಅವಳ ದನಿ ಬಂತು. "ಒಂದೇ ಸಲ ನಿಲ್ಲಿಸೋ ಹಾಗಿಲ್ಲ. ಮೈ ಅದಕ್ಕೇ ಒಗ್ಗಿರ್ತದೆ, ಕುಸಿದು ಬೀಳ್ತಾರೆ. ಡಾಕ್ಟ್ರು ನೋಡಿ ಸ್ವಲ್ಪ ಸ್ವಲ್ಪವೇ ಇಳಿಸ್ಬೇಕು."

ಸಂಜೆ ಬಸ್ಸಿಗೆ ಕಾಯುವಾಗ ಅವಳು ಕೇಳಿದಳು, "ಅದು ಅತ್ತೆ ತಾನೆ?"

"ಹೂಂ."

"ನಂಗೆ ಅಂತ್ಲೇ ಕೇಳಿದ್ರಾ?"

"ಇನ್ಯಾರಿಗೆ? ನಾನು ಹೇಳಿ ಸಾಕಾಗಿದೆ. ಮನೇಲಿರೋಳು ನೀನು."

ಅವಳು ಬಸ್ಸಿನ ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ. ದಿನಾ ಬೆಳಿಗ್ಗೆ ಕಾಫಿಯ ಜೊತೆ ಅವ್ವನಿಗೆ ಆ ಮಾತ್ರೆ ಕತ್ತರಿಸಿ ಕೊಡುತ್ತಿದ್ದವಳು ಅವಳೇ.

ಮಾರನೆಯ ದಿನ ನಡೆದದ್ದನ್ನು ಆಮೇಲೆ ಅವ್ವ, ಅವಳು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಇಬ್ಬರ ಮಾತೂ ಹೊಂದುತ್ತದೆ. ಅವಳು ಕಾಫಿಯ ಜೊತೆ ಅವತ್ತಿನ ಮಾತ್ರೆಯನ್ನೂ ಇಟ್ಟಳು.

"ಅತ್ತೆ, ಇವತ್ತಿಂದು ತಗೊಳ್ಳಿ. ಆದ್ರೆ ಇವತ್ತೇ ತರೀಕೆರೆ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರೋಣ. ಡಾಕ್ಟ್ರು ಹೇಳ್ದಂಗೆ ನಿಧಾನಕ್ಕೆ ಕಮ್ಮಿ ಮಾಡೋಣ. ಚೀಟಿ ಇಲ್ದೆ ಇನ್ಮೇಲೆ ನಾನು ಕೊಡಲ್ಲ."

"ನನ್ ಮಗನ ಅಂಗ್ಡಿ ಮಾತ್ರೆಗೆ ನಾನು ಚೀಟಿ ತರ್ಬೇಕಾ?"

"ತರ್ಬೇಕತ್ತೆ."

ಅವ್ವ ಮಾತ್ರೆಯನ್ನು ಬಚ್ಚಲಿಗೆ ಎಸೆದಳು. "ಬೇಡ ಬಿಡು. ನಿನ್ನತ್ರ ಹಂಗಿಸ್ಕೊಂಡು ನುಂಗೋ ಗತಿ ಬಂದಿಲ್ಲ ನಂಗೆ." ಬೇಡ ಎಂದ ಮೇಲೆ ಅವ್ವನದು ಬೇಡವೇ. ಸಂಜೆ ತಮ್ಮ ತಂದುಕೊಟ್ಟರೂ ಮುಟ್ಟಲಿಲ್ಲ. ಮರುದಿನ ಸೊಸೆ ಕಾಲು ಹಿಡಿದು, ನಿಲ್ಲಿಸಬೇಡಿ ಅತ್ತೆ, ಒಂದೇ ಸಲ ನಿಲ್ಲಿಸಿದರೆ ಅಪಾಯ ಎಂದು ಬೇಡಿದಳು. "ನಿನ್ನೆ ಬೇಡ ಅಂದೋಳು ನೀನೇ, ಇವತ್ತು ತಗೋ ಅನ್ನೋಳೂ ನೀನೇ" ಎಂದು ಅವ್ವ ಗೋಡೆ ಕಡೆ ತಿರುಗಿ ಮಲಗಿದಳು.

ಕೆಲವು ದಿನಕ್ಕೇ ಅವ್ವ ಏಳಲಾರದಾದಳು. ವಾಂತಿ, ತಲೆಸುತ್ತು. ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದವಳನ್ನು ಆಟೋದಲ್ಲಿ ಆಸ್ಪತ್ರೆಗೆ ಹಾಕಿದರು. ನಾನು ಕಡೂರಿನಿಂದ ಓಡಿ ಹೋಗುವಷ್ಟರಲ್ಲಿ ಡಾಕ್ಟರು ಕೂಗಾಡುತ್ತಿದ್ದರು.

"ಯಾರ್ರೀ ಇದನ್ನ ಒಂದೇ ಸಲ ನಿಲ್ಲಿಸಿದ್ದು?"

ತಮ್ಮ ಹೆಂಡತಿಯ ಕಡೆ ಬೆರಳು ತೋರಿಸಿದ. "ಇವಳು ಸಾರ್. ಫಾರ್ಮಸಿ ಎಕ್ಸಾಮಿಗೆ ಓದ್ತಿದಾಳೆ."

"ಅರ್ಧಂಬರ್ಧ ಓದಿದ್ರೆ ಹಿಂಗೇ ಆಗೋದು" ಎಂದರು ಡಾಕ್ಟರು, ಅವಳ ಮುಖವನ್ನೂ ನೋಡದೆ.

 ನಾನು ಮುಂದೆ ಬಂದೆ. ಇವಳು ನಿಲ್ಲಿಸಬೇಡಿ ಎಂದವಳು, ನಿಲ್ಲಿಸಿದ್ದು ನಮ್ಮ ಅವ್ವನ ಹಟ, ಶುರು ಮಾಡಿದ್ದು ಈ ಅಂಗಡಿಯವನು ಎಂದು ಎಲ್ಲವನ್ನೂ ಹೇಳಿದೆ.

"ಯಾರ್ ಏನಂದ್ರೋ ನಂಗೆ ಬೇಡ ಮೇಡಂ. ಪೇಷೆಂಟನ್ನ ಈ ಸ್ಥಿತೀಲಿ ತಂದಿದೀರಿ, ಅಷ್ಟೇ ನಾನು ನೋಡೋದು."

 ಅವ್ವನನ್ನು ಬದುಕಿಸಬೇಕಾದರೆ ಅದೇ ಸ್ಟೀರಾಯ್ಡನ್ನು ಮತ್ತೆ ಶುರು ಮಾಡಿ, ನಿಧಾನವಾಗಿ ಇಳಿಸಬೇಕು. ಡಾಕ್ಟರು ಅದನ್ನೇ ಬರೆದರು. ನರ್ಸು ತಂದುಕೊಟ್ಟ ಮಾತ್ರೆಯನ್ನು ಅವ್ವ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಚಿಕ್ಕ ಬಿಳಿಯದು. ಅವಳ ಊದಿದ ಮುಖದಲ್ಲಿ ಗೆಲುವಿನ ನಗು ಬಂತು. ವಾರ್ಡಿನವರಿಗೆಲ್ಲ ತೋರಿಸಿದಳು.

"ನೋಡ್ರಮ್ಮ, ಡಾಕ್ಟ್ರೂ ಅದೇ ಮಾತ್ರೆ ಕೊಟ್ರು! ನನ್ ಮಗ ಕೊಡ್ತಿದ್ದಿದ್ದೂ ಇದೇ. ಇವಳು ಕಿತ್ಕೊಂಡು ನನ್ನ ಸಾಯಿಸೋಕೆ ನೋಡಿದ್ಲು."

"ಅವ್ವ, ಅದು ಇಳಿಸೋಕೆ ಕೊಟ್ಟಿರೋದು. ಅವಳು ಹೇಳಿದ್ದೂ ಅದೇ."

"ನೀನು ಸುಮ್ನಿರು. ನೀನ್ ಕಲಿಸಿದ್ದೇ ಅವಳು ಮಾಡಿದ್ದು."

ಪಕ್ಕದ ಮಂಚದವಳು ನನ್ನ ತಮ್ಮನ ಅಂಗಡಿ ಎಲ್ಲಿ ಎಂದು ವಿಚಾರಿಸಿದಳು. ಅವನು ವಿಳಾಸ ಹೇಳಿದ.

ಪರೀಕ್ಷೆ ಹತ್ತಿರವಿತ್ತು. ಅವ್ವ ಮನೆಗೆ ಬಂದ ಮೇಲೆ ಅವಳ ಆರೈಕೆಯೆಲ್ಲ ಸೊಸೆಯದೇ. ಬೆನ್ನೊರೆಸುತ್ತ ಓದಿದಳು, ಗಂಜಿ ತಿರುವುತ್ತ ಓದಿದಳು. ಡಾಕ್ಟರು ಬರೆದ ಪ್ರಕಾರ ಮಾತ್ರೆಯನ್ನು ಅರ್ಧ ಮಾಡಿ, ಆಮೇಲೆ ಕಾಲು ಮಾಡಿ ಕೊಟ್ಟಳು. ಅವ್ವ ಅದನ್ನು ಸೊಸೆಯ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಮುರಿದು ಕಿಟಕಿಯಲ್ಲಿಡಬೇಕು, ತಮ್ಮ ಬಂದು ಎತ್ತಿ ಕೊಡಬೇಕು. ಅವ್ವನ ಮುಖದ ಊತ ಇಳಿಯತೊಡಗಿದಾಗ ಬೀದಿಯವರು, "ಸೊಸೆ ಸರಿಯಾಗ್ ನೋಡ್ಕೊಳಲ್ಲ ಅಂತ ಕಾಣ್ಸತ್ತೆ, ಇಳ್ದುಬಿಟ್ಟಿದಾರೆ" ಎಂದರು.

ಕೊನೆಯ ಭಾನುವಾರ ಅವಳು ಕ್ಲಾಸಿಗೆ ಬಂದಾಗ ಕಣ್ಣು ಒಳಕ್ಕೆ ಹೋಗಿದ್ದವು. ನಾನು ಕರುಣೆ ತೋರಿಸಲಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಅವಳಿಗೇ ಕೇಳಿದೆ. ಒಂದೂ ತಪ್ಪಲಿಲ್ಲ. ಹೊರಡುವಾಗ ಚೀಲದಲ್ಲಿದ್ದ ಕೋಟಿನ ಮಡಿಕೆ ಸರಿಮಾಡುತ್ತ, "ಮೇಡಂ, ಪಾಸಾದ್ರೆ ಕೌಂಟರ್ ನಂದೇ ತಾನೆ? ನೀವು ಕೇಳಿಸ್ಕೊಂಡಿದೀರಲ್ಲ" ಎಂದಳು.

"ಕೇಳಿಸ್ಕೊಂಡಿದೀನಿ."

"ಮೊದಲ್ನೇ ದಿನ ಆ ಕತ್ತರೀನ ಗುಜರಿಗೆ ಹಾಕ್ತೀನಿ."

ಅವಳು ಪಾಸಾದಳು. ನನ್ನ ಆ ವರ್ಷದ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳದು. ತಮ್ಮ ಅದಕ್ಕೆ, "ಟಿಕ್ ಹಾಕೋ ಪರೀಕ್ಷೆ ತಾನೆ, ಅದೃಷ್ಟ" ಎಂದ. ಆದರೆ ನೋಂದಣಿಗೆ ಅರ್ಜಿ ಹಾಕಿಸಲು ಅವನೇ ಓಡಾಡಿದ. ವಿಳಾಸದ ಜಾಗದಲ್ಲಿ ಅವಳು ಸದ್ದಿಲ್ಲದೆ ಕಡೂರಿನ ನನ್ನ ಮನೆಯದನ್ನು ಬರೆದಿದ್ದಳು.

"ಅಂಗ್ಡಿ ಅಡ್ರೆಸ್ ಕೊಟ್ರೆ ನಾನು ನೋಡೋದ್ರೊಳಗೆ ಗೋಡೆ ಹತ್ತಿರ್ತದೆ ಅಕ್ಕ" ಎಂದಳು. ಪರೀಕ್ಷೆ ಮುಗಿದಿತ್ತಲ್ಲ, ನಾನು ಮತ್ತೆ ಅಕ್ಕ ಆಗಿದ್ದೆ.

ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು. ಮೂಲೆಯಲ್ಲಿ ಅವಳ ಫೋಟೊ, ತಲೆ ಎತ್ತಿ ನೇರ ನೋಡುತ್ತಿದ್ದಳು. ನಾನು ಅದನ್ನು ತೆಗೆದುಕೊಂಡು ಅಜ್ಜಂಪುರಕ್ಕೆ ಹೋದೆ. ಮನೆಯಲ್ಲಿ ಕೊಡುವುದಿಲ್ಲ, ಅಂಗಡಿಯಲ್ಲೇ ಕೊಡುತ್ತೇನೆ ಎಂದು ಮೊದಲೇ ಹೇಳಿದ್ದೆ. ಯಾರು ನಕ್ಕಿದ್ದರೋ ಅವರ ಮುಂದೆಯೇ ಆಗಲಿ. ಅವ್ವನನ್ನೂ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಈಗ ಅವಳ ಮುಖ ಮೊದಲಿನಂತೆ ಸಣ್ಣಗಾಗಿತ್ತು, ಮಂಡಿನೋವು ತಿರುಗಿ ಬಂದಿತ್ತು. ಸೊಸೆ ಬಿಳಿ ಕೋಟು ತೊಟ್ಟು ಬಂದಳು. ನೀಲಿ ಹಾಕಿ ಒಗೆದು ಇಸ್ತ್ರಿ ಮಾಡಿದ್ದಳು. ಗಿರಾಕಿಗಳು ದಾರಿ ಬಿಟ್ಟರು.

ನಾನು ಅವಳ ಎರಡೂ ಕೈಗೆ ಸರ್ಟಿಫಿಕೇಟ್ ಕೊಟ್ಟೆ. "ನೀನು ಯಾರನ್ನೂ ಕೊಲ್ಲಲಿಲ್ಲ" ಎಂದೆ. ಅವಳ ಕಣ್ಣು ತುಂಬಿತು.

ನಮ್ಮ ಮನೆಯ ಪದ್ಧತಿಯಂತೆ ಅವಳು ಅದನ್ನು ಅತ್ತೆಯ ಕೈಗಿಟ್ಟು ಕಾಲಿಗೆ ಬಿದ್ದಳು. ಎದ್ದು, ವಾಪಸ್ ತೆಗೆದುಕೊಳ್ಳಲು ಎರಡೂ ಕೈ ಚಾಚಿ ನಿಂತಳು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿದ್ದ ಮಗನ ಕೈಗೆ ಕೊಟ್ಟಳು.

ಫ್ರೇಮು ಮೊದಲೇ ತಯಾರಿತ್ತು. ತಮ್ಮ ಅದನ್ನು ಗಾಜಿನೊಳಗೆ ಸೇರಿಸಿ, ಸ್ಟೂಲು ಹತ್ತಿ, ಸದ್ಯಕ್ಕೆಂದು ತೂಗುಹಾಕಿದ್ದ ಕಾಗದವನ್ನು ಇಳಿಸಿ, ಬೆಳ್ಳನೆಯ ಚೌಕದ ಮೇಲಿನ ಹಳೆಯ ಮೊಳೆಗೆ ಸಿಕ್ಕಿಸಿದ. ಇಳಿದು ಬಂದು ಕೌಂಟರಿನ ಹಿಂದೆ, ತನ್ನ ಜಾಗದಲ್ಲಿ, ನಿಂತ.

"ಇನ್‌ಸ್ಪೆಕ್ಟರ್ ಬರೋ ದಿನ ಫೋನ್ ಮಾಡ್ತೀನಿ, ಕೋಟು ಹಾಕ್ಕೊಂಡ್ ಬಂದ್ಬಿಡು" ಎಂದ ಹೆಂಡತಿಗೆ.

"ಲೇ, ಪಾಸಾದ್ರೆ ಕೌಂಟರ್ ಅವಳಿಗೆ ಅಂದಿದ್ದೆ. ನಾನು ಸಾಕ್ಷಿ" ಎಂದೆ.

"ತಮಾಷೆಗಂದಿದ್ದು ಕಣಕ್ಕ. ಇವಳು ನಿಂತ್ರೆ ಒಂದು ಗಿರಾಕೀನೂ ಉಳಿಯಲ್ಲ."

"ಹಿಂಗ್ ಮಾಡೋದು ಅಪರಾಧ ಕಣೋ. ಅವ್ವ, ನೀನಾದ್ರೂ ಹೇಳು. ಅದು ಅವಳದು. ನಂಗೆ ಕೊಡುವಾಗ ಏನಂದಿದ್ದೆ ನೀನು?"

ಅವ್ವ ನನ್ನ ಕಡೆ ತಿರುಗಲಿಲ್ಲ. ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ ಸೊಸೆಯನ್ನು ನೋಡಿದಳು.

"ನಿನ್ ಕೈಯಿಂದ ಮಾತ್ರೆ ಇಸ್ಕೊಂಡು ಯಾರಮ್ಮ ನುಂಗ್ತಾರೆ? ಇಲ್ಲಿ ನಿನ್ ಫೋಟೊ ನಿಂತ್ಕೊಳ್ತದೆ. ಆ ಕೋಟು ಬಿಚ್ಚಿಟ್ಟು ಮನೆಗ್ ನಡಿ, ಒಲೆ ಮೇಲೆ ಬೇಳೆ ಇಟ್ ಬಂದಿದೀನಿ."